ಭಾವನ ಬೈಲಾ ತಿದ್ದುಪಡಿ

ನಮ್ಮ ಭಾವನಷ್ಟು ದೊಡ್ಡ ಪ್ರಜಾಪ್ರಭುತ್ವವಾದಿಯನ್ನು ನೀವು ಕಂಡಿರಲಾರಿರಿ. ಅವರಷ್ಟು ದೊಡ್ಡ ಸರ್ವಾಧಿಕಾರಿಯನ್ನೂ ಕಂಡಿರಲಾರಿರಿ! ಒಬ್ಬರೇ ಎರಡೂ ಹೇಗಾಗುತ್ತಾರೆ ಎಂದು ಕೇಳುತ್ತೀರಾ? ಅವರ ಮನೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದರೆ ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ನಾರ್ತ್ ಕ್ಯಾರೊಲೈನಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಲ್ಯಾಬಿನಲ್ಲಿ ಮಣ್ಣಿನ ವಿಜ್ಞಾನಿ. ತೊಂಬತ್ತರ ದಶಕದ ನಡುವಿನ ಮಾತಿದು. ನಾನು ಆಗಷ್ಟೇ ಬೆಂಗಳೂರಿನಿಂದ ಬಂದು, ಅದೇ ಪಾರ್ಕಿನ ಇನ್ನೊಂದು ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿ ಸೇರಿ, ಅವರ ಮನೆಗೆ ಹತ್ತು ನಿಮಿಷದ ದೂರದಲ್ಲಿ ಅಪಾರ್ಟ್‌ಮೆಂಟ್ ಹಿಡಿದಿದ್ದೆ. ಭಾನುವಾರದ ತಿಂಡಿ ಅಕ್ಕನ ಮನೆಯಲ್ಲೇ. ಆದರೆ ಅದು ಬರೀ ತಿಂಡಿಯಲ್ಲ, ಕುಟುಂಬದ ವಾರದ ಸಭೆ! ಫ್ರಿಜ್ಜಿನ ಬಾಗಿಲಿಗೆ ಅಜೆಂಡಾ ಅಂಟಿಸಿರುತ್ತಿತ್ತು. ಹಿಂದಿನ ವಾರದ ವರದಿ, ಹುಲ್ಲು ಕತ್ತರಿಸುವ ಪಾಳಿ ಯಾರದು, ಸಂಜೆಗೆ ಹುಳಿಯೋ ಸಾರೋ. ಒಂದೊಂದಕ್ಕೂ ಚರ್ಚೆ, ಒಂದೊಂದಕ್ಕೂ ಮತದಾನ. ಹುಳಿ ಬಹುಮತದಿಂದ ಗೆದ್ದ ದಿನ ಅಕ್ಕ ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು: "ವೋಟು ನೀವು ಹಾಕ್ಕೊಳ್ಳಿ. ಬೇಳೆ ಹಾಕೋಳು ನಾನು. ಇವತ್ತು ಸಾರು."

"ಇದಕ್ಕೇ ವೀಟೋ ಅನ್ನೋದು," ಎಂದು ಭಾವ ಗೌರವದಿಂದ ಬರೆದುಕೊಳ್ಳುತ್ತಿದ್ದರು.

ಮನೆಯಿಂದ ಆಚೆಯೂ ಅದೇ ಕತೆ. ಒಮ್ಮೆ ಯಾರದೋ ಮದುವೆಗೆಂದು ಅಟ್ಲಾಂಟಾಕ್ಕೆ ಹೋಗಿ, ಹನ್ನೆರಡು ಜನ ಒಂದು ರೆಸ್ಟೋರೆಂಟಿನಲ್ಲಿ ಕೂತು ಒಟ್ಟಿಗೇ ಮಾತಾಡುತ್ತಿದ್ದೆವು. ಭಾವನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಸಭೆಯಲ್ಲಿ ಶಿಸ್ತು ತಪ್ಪಿದಾಗ ಕೂಗುವಂತೆ, "ಪಾಯಿಂಟ್ ಆಫ್ ಆರ್ಡರ್!" ಎಂದು ಗುಡುಗಿದರು. ಮೂಲೆಯಲ್ಲಿದ್ದ ವೇಟ್ರೆಸ್ ಪ್ಯಾಡು ಪೆನ್ನು ಹಿಡಿದು ಓಡಿಬಂದಳು. "ಯೆಸ್ ಸರ್, ಯುವರ್ ಆರ್ಡರ್?" ಭಾವ ಅವಳಿಗೂ ಸಭೆಯ ನಿಯಮಗಳನ್ನು ಹೇಳಿಕೊಡಲು ಹೊರಟರು. ಊಟ ಬರುವಷ್ಟರಲ್ಲಿ ಅತ್ತ ಮುಹೂರ್ತ ಮುಗಿದಿತ್ತು!

ನಮ್ಮ ಊರಿನ ಕನ್ನಡ ಕೂಟಕ್ಕೆ ಭಾವನೇ ಕಾರ್ಯದರ್ಶಿ. ಕೂಟದ ಬೈಲಾವನ್ನು, ಅಂದರೆ ಇಪ್ಪತ್ತೆರಡು ಪುಟಗಳ ನಿಯಮಾವಳಿಯನ್ನು, ಒಂದು ಚಳಿಗಾಲ ಪೂರ್ತಿ ಕೂತು ಒಬ್ಬರೇ ಬರೆದಿದ್ದರು. ಅದರ ಪ್ರಕಾರ ಇಪ್ಪತ್ತೊಂದು ದಾಟದವರಿಗೆ ವೋಟಿಲ್ಲ; ಮನೆಯ ಸಭೆಗೂ ಅದೇ ನಿಯಮ. ಇನ್ನು ಆ ಬೈಲಾದ ಒಂದು ಅಕ್ಷರ ತಿದ್ದಬೇಕಾದರೂ ಸಭೆಗೆ ಬಂದವರ ಬಹುಮತ ಸಾಲದು, ಕೂಟದ ಒಟ್ಟು ಸದಸ್ಯರಲ್ಲಿ ಮೂರನೇ ಎರಡು ಭಾಗದ ಜನ ಕಾಗದದ ಮೇಲೆ ಸಹಿ ಹಾಕಬೇಕು. "ಇಷ್ಟು ಬಿಗಿ ಯಾಕೆ ಭಾವ?" ಎಂದು ನಾನು ಕೇಳಿದ್ದೆ. "ನಾಳೆ ಯಾವನೋ ತಲೆಕೆಟ್ಟೋನು ಬಂದು ತಿದ್ದೋಕೆ ಹೊರಟರೆ? ಅವನಿಗೆ ಸಾಕುಸಾಕಾಗ್ಬೇಕು!" ಎಂದಿದ್ದರು.

ಆ ವರ್ಷ ಆಗಸ್ಟಿನಲ್ಲಿ ಡೆನ್ಮಾರ್ಕಿನಿಂದ ಇಂಗ ಬಂದಳು. ಯುರೋಪಿನ ಹೈಸ್ಕೂಲು ಮಕ್ಕಳು ಒಂದು ವರ್ಷ ಅಮೆರಿಕದ ಮನೆಗಳಲ್ಲಿದ್ದು ಇಲ್ಲಿನ ಶಾಲೆಯಲ್ಲಿ ಓದುವ ಏರ್ಪಾಡೊಂದಿತ್ತು. ಲ್ಯಾಬಿನ ನೋಟೀಸ್ ಬೋರ್ಡಿನಲ್ಲಿ ಅದರ ಚೀಟಿ ನೋಡಿದ ಭಾವ ಮನೆಯಲ್ಲಿ ಮತಕ್ಕೆ ಹಾಕಿ ಗೆದ್ದಿದ್ದರು. ಹದಿನೇಳು ವರ್ಷದ ಹುಡುಗಿ. ಬಾಗಿಲ ಚೌಕಟ್ಟಿಗೆ ಅಳತೆ ಹಿಡಿದಷ್ಟು ಎತ್ತರ. ಬಂದ ಮೊದಲ ಭಾನುವಾರವೇ ಸಭೆಯಲ್ಲಿ ಕೂತಳು. ಅವಳ ಜೊತೆಗಿನ ಮಾತೆಲ್ಲ ಇಂಗ್ಲಿಷಿನಲ್ಲೇ. ಅಂದಿನ ವಿಷಯ, ಅಕ್ಕನ ಮಗಳು ಅನು ಪ್ರತಿ ಶನಿವಾರ ಕೂಟದ ಕೋಲಾಟದ ಪ್ರಾಕ್ಟೀಸಿಗೆ ಹೋಗಬೇಕೋ ಬೇಡವೋ ಎನ್ನುವುದು. ಅನುಗೆ ಹದಿನಾರು. ಅಮೆರಿಕದಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ.

"ಐ ಆಮ್ ನಾಟ್ ಗೋಯಿಂಗ್," ಎಂದಳು ಅನು.

"ನಿನ್ನ ಅಭಿಪ್ರಾಯ ರೆಕಾರ್ಡ್ ಮಾಡ್ಕೊಂಡಿದೀನಿ," ಎಂದರು ಭಾವ. "ನಿನಗೆ ವಾಯ್ಸ್ ಇದೆ, ವೋಟಿಲ್ಲ. ಉಳಿದೋರು ಕೈ ಎತ್ತಿ."

ಎತ್ತಿದ್ದು ಇಂಗ. ವೋಟಿಗಲ್ಲ, ಪ್ರಶ್ನೆಗೆ. "ಶನಿವಾರ ಅನುವಿನದು ತಾನೇ? ಮತ್ತೆ ಅವಳಿಗೆ ಯಾಕೆ ವೋಟಿಲ್ಲ?"

"ಇಪ್ಪತ್ತೊಂದು ಆಗಿಲ್ಲವಲ್ಲಮ್ಮ!"

"ನನಗೂ ಆಗಿಲ್ಲ. ಆದರೆ ನಮ್ಮ ಶಾಲೆಯ ಆಡಳಿತ ಮಂಡಳಿಯಲ್ಲಿ ನಾನು ವಿದ್ಯಾರ್ಥಿಗಳ ಪ್ರತಿನಿಧಿ. ಬಸ್ಸಿನ ಸಮಯ ಬದಲಾಯಿಸಲು ಹೊರಟಾಗ ನಾವು ಬೇಡವೆಂದು ವೋಟು ಹಾಕಿದೆವು. ಬದಲಾಗಲಿಲ್ಲ."

ಭಾವನ ಚಮಚ ಉಪ್ಪಿಟ್ಟಿನಲ್ಲೇ ನಿಂತುಬಿಟ್ಟಿತು. "ನಿನಗೆ ವೋಟಾ? ಹೆಡ್ಮಾಸ್ಟರ ಎದುರಿಗೇ?"

"ಎದುರಿಗೇನು, ಪಕ್ಕದಲ್ಲೇ ಕೂತಿರುತ್ತೇನೆ," ಎಂದಳು ಇಂಗ.

ಅನು ಪ್ರಾಕ್ಟೀಸಿಗೆ ಹೋಗಬೇಕೆಂದು ಸಭೆ ತೀರ್ಮಾನಿಸಿತು. ಅನು ಹೋಗಲಿಲ್ಲ. ಅದನ್ನು ವರದಿಯಲ್ಲಿ ಹೇಗೆ ಬರೆಯಬೇಕೆಂದು ಭಾವನಿಗೆ ತಿಳಿಯಲಿಲ್ಲ.

ಅಕ್ಟೋಬರಿನಲ್ಲಿ ಭಾವನ ತಾಯಿ ಮೈಸೂರಿನಿಂದ ಬಂದರು. ಆರು ತಿಂಗಳ ವೀಸಾ. ನಮಗೆಲ್ಲ ಅವರು ಅಜ್ಜಿ. ಇಂಗ ಎಂಬ ಹೆಸರು ಕೇಳಿದ್ದೇ ಅಜ್ಜಿಗೆ ಬಲು ಖುಷಿಯಾಯಿತು. "ಇಂಗಾ? ಒಗ್ಗರಣೆಗೆ ಹಾಕೋ ಹೆಸರು! ಒಳ್ಳೆ ಘಮಘಮ ಅನ್ನೋ ಹುಡುಗಿ ಕಣೇ," ಎಂದು ಅಂದಿನಿಂದ ಅವಳನ್ನು ಇಂಗಮ್ಮ ಎಂದೇ ಕರೆದರು. ಡೆನ್ಮಾರ್ಕಿನ ಹುಡುಗಿಗೆ ಅದು ಯಾವುದೋ ಬಿರುದಿನಂತೆ ಕೇಳಿಸಿತೇನೋ, ತನ್ನ ಮನೆಗೆ ಬರೆದ ಕಾಗದಗಳಲ್ಲೂ ಹಾಗೇ ಸಹಿ ಹಾಕತೊಡಗಿದಳು.

ದೀಪಾವಳಿಗೆ ಕೂಟದವರು ಒಂದು ಚರ್ಚಿನ ಹಾಲ್ ಬಾಡಿಗೆಗೆ ಹಿಡಿದಿದ್ದರು. ನಮ್ಮ ಕೂಟದ ಪದ್ಧತಿ ಏನೆಂದರೆ, ಮೇಲಿನ ಹಾಲಿನಲ್ಲಿ ದೊಡ್ಡವರ ಸಭೆ; ಸಭೆ ಮುಗಿಯುವವರೆಗೆ ಮಕ್ಕಳನ್ನೂ, ಊರಿಂದ ಬಂದ ಅಜ್ಜಿ ತಾತಂದಿರನ್ನೂ ಕೆಳಗೆ ಬೇಸ್‌ಮೆಂಟಿಗೆ ಸಾಗಿಸುವುದು. ಅಲ್ಲೊಂದು ಟಿ.ವಿ., ಒಂದು ಕಾರ್ಟೂನ್ ಟೇಪು, ಆರೇಳು ಪಿಜ್ಜಾ ಡಬ್ಬಿ. ಆ ಟೇಪನ್ನು ಅಜ್ಜಿ ತಾತಂದಿರು ಎಷ್ಟು ಸಲ ನೋಡಿದ್ದರೆಂದರೆ ಇಲಿ ಯಾವ ಬಿಲಕ್ಕೆ ಓಡುತ್ತದೆಂದು ಮೊದಲೇ ಹೇಳುತ್ತಿದ್ದರು. ಆ ಸಲ ಮಾತ್ರ ನಮ್ಮ ಅಜ್ಜಿ ಖಾಲಿ ಪಿಜ್ಜಾ ಡಬ್ಬಿಯ ಮುಚ್ಚಳದ ಮೇಲೆ ಪೆನ್ನಿನಲ್ಲಿ ಚೌಕಾಬಾರದ ಮನೆ ಬರೆದು, ರಾಜ್ಮಾ ಕಾಳುಗಳನ್ನು ಕಾಯಿ ಮಾಡಿ, ಅನು, ಇಂಗ ಮತ್ತು ಒಂದು ದಂಡು ಮಕ್ಕಳನ್ನು ಸುತ್ತ ಕೂರಿಸಿಕೊಂಡಿದ್ದರು.

ಮೇಲೆ ಭಾವನ ಸ್ಲೈಡ್ ಶೋ ನಡೆಯುತ್ತಿತ್ತು. ಇದನ್ನು ಹೇಳದಿದ್ದರೆ ಅವರ ಪರಿಚಯ ಪೂರ್ತಿಯಾಗದು. ಪ್ರತಿ ಹಬ್ಬಕ್ಕೂ ಊಟಕ್ಕೆ ಮೊದಲು ನಲವತ್ತೈದು ನಿಮಿಷ 'ಮಣ್ಣಿನ ಮಹಿಮೆ'! ಜೇಡಿ, ಮರಳು, ಗೊಬ್ಬರ, ಕೊನೆಗೆ ಪರದೆ ತುಂಬ ಎರೆಹುಳು. ಅದಾದ ಮೇಲೆ ಶ್ಯಾವಿಗೆ ಪಾಯಸ ಬಡಿಸಿದರೆ ಯಾರ ಕೈ ತಾನೇ ಮುಂದೆ ಬರುತ್ತದೆ?

ಸ್ಲೈಡು ಮುಗಿದು ಯುಗಾದಿ ಕಾರ್ಯಕ್ರಮದ ಚರ್ಚೆ ಶುರುವಾಯಿತು. ಮಕ್ಕಳಿಂದ ಏನು ಮಾಡಿಸಬೇಕು? ಕೋಲಾಟವೇ ಸರಿ ಎಂದು ಎಲ್ಲರೂ ಒಪ್ಪಿದರು. ಅಷ್ಟರಲ್ಲಿ ನೀರಿಗೆಂದು ಮೇಲೆ ಬಂದ ಇಂಗ ಬಾಗಿಲಲ್ಲೇ ನಿಂತು, ಪಕ್ಕದಲ್ಲಿದ್ದ ನನ್ನಿಂದ ವಿಷಯ ತಿಳಿದುಕೊಂಡು, ಜೋರಾಗಿಯೇ ಕೇಳಿದಳು: "ಮಕ್ಕಳನ್ನು ಕೇಳಿದಿರಾ?"

ಯಾರೋ ಚಕ್ಕುಲಿ ಮುರಿದ ಸದ್ದು ಸ್ಪಷ್ಟವಾಗಿ ಕೇಳಿಸಿತು.

ಅಧ್ಯಕ್ಷರು ಹೃದಯದ ಡಾಕ್ಟರು. ಅರವತ್ತರ ದಶಕದ ಕೊನೆಗೇ ಬಂದು ನೆಲೆಸಿದವರು. ಅವರೇ ನಗುತ್ತ ಅಂದರು: "ಮಕ್ಕಳಿಗೇನ್ರೀ ಗೊತ್ತಾಗುತ್ತೆ? ಕೇಳಿದ್ರೆ ಪಿಜ್ಜಾ ಅಂತವೆ, ಅಷ್ಟೆ." ಎಲ್ಲರೂ ನಕ್ಕರು. ಭಾವನೂ ನಕ್ಕರು. ಇಂಗಳ ಹಿಂದೆ ಮೆಟ್ಟಿಲ ಮೇಲೆ ಅನು ನಿಂತಿದ್ದನ್ನು ನೋಡಿದವಳು ನಾನೊಬ್ಬಳೇ. ಮನೆಗೆ ಹೋಗುವಾಗ ಕಾರಿನಲ್ಲಿ ಅವಳು ಒಂದೇ ಮಾತು ಹೇಳಿದಳು, ಇನ್ನು ಮೇಲೆ ತಾನು ಕೂಟಕ್ಕೆ ಬರುವುದಿಲ್ಲ ಎಂದು. ಅಕ್ಕ ಅತ್ತಳು. ಭಾವ ವೋಟಿನ ವಯಸ್ಸು ಹೇಳುವ ಬೈಲಾದ ಐದನೇ ಪುಟವನ್ನು ಬಾಯಿಪಾಠ ಒಪ್ಪಿಸಿದರು.

ಅಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಫೆಬ್ರವರಿಯಲ್ಲಿ ಇಂಗಳಂತೆ ಯುರೋಪಿನಿಂದ ಬಂದ ವಿದ್ಯಾರ್ಥಿಗಳಿಗೆಲ್ಲ ವಾಷಿಂಗ್ಟನ್ನಿನಲ್ಲಿ ಮೂರು ದಿನದ ಸಮಾವೇಶ ಏರ್ಪಾಡಾಯಿತು. ತಮ್ಮ ದೇಶಗಳಲ್ಲಿ ಶಾಲೆ, ತರಬೇತಿ, ಪ್ರಯಾಣದ ನೀತಿಗಳನ್ನು ಮಾಡುವಾಗ ಯುವಜನರ ಮಾತನ್ನು ಹೇಗೆ ಕೇಳಬೇಕು ಎಂದು ಆ ಮಕ್ಕಳೇ ಚರ್ಚಿಸಿ, ಶಿಫಾರಸು ಬರೆದು, ತಂತಮ್ಮ ಸರ್ಕಾರಗಳಿಗೆ ಕಳಿಸುವುದು. ಸಭೆ ಎಂದ ಮೇಲೆ ಭಾವ ಬಿಡುತ್ತಾರೆಯೇ? ರಜೆ ಹಾಕಿ, ಇಂಗ, ಅನು ಮತ್ತು ನನ್ನನ್ನು ಸ್ಟೇಷನ್ ವ್ಯಾಗನ್ನಿಗೆ ತುಂಬಿಕೊಂಡು ಹೊರಟೇಬಿಟ್ಟರು. ವಾಷಿಂಗ್ಟನ್ನಿನ ಹೊರವಲಯದ ಶ್ಯಾಂಟಿಲಿಯಲ್ಲಿ ಸ್ನೇಹಿತರ ಮನೆಯಲ್ಲಿ ವಸತಿ. ಬೆಳಿಗ್ಗೆ ಡೌನ್‌ಟೌನಿನ ಒಂದು ಹೋಟೆಲಿನ ಹಾಲ್.

ಮಕ್ಕಳು ದುಂಡು ಮೇಜುಗಳ ಸುತ್ತ ಕೂತರು. ಕರೆತಂದವರಿಗೆ ಹಿಂದಿನ ಗೋಡೆಗೆ ತಾಗಿಸಿ ಒಂದು ಸಾಲು ಕುರ್ಚಿ, ಕಾಫಿ, ಬಿಸ್ಕತ್ತು. ಭಾವ ಮೊದಲ ದಿನ ಹದಿನಾಲ್ಕು ಸಲ ಕೈ ಎತ್ತಿದರು. ಸಭೆ ನಡೆಸುತ್ತಿದ್ದವಳು ಹತ್ತೊಂಬತ್ತರ ಒಬ್ಬ ಐರಿಶ್ ಹುಡುಗಿ. ಹದಿನೈದನೆಯ ಸಲಕ್ಕೆ ಅವಳು ವಿನಯದಿಂದ, "ಸರ್, ಇಲ್ಲಿ ಇಪ್ಪತ್ತರ ಒಳಗಿನವರಿಗೆ ಮಾತ್ರ ಮಾತು," ಎಂದಳು.

"ನನ್ನ ಪ್ರಶ್ನೆ ಇಪ್ಪತ್ತು ಸೆಕೆಂಡಿನ ಒಳಗೇ ಇದೆ!"

"ಕ್ಷಮಿಸಿ ಸರ್. ಈ ಹಾಲಿನಲ್ಲಿ ನಿಮಗೆ ವೋಟೂ ಇಲ್ಲ, ವಾಯ್ಸೂ ಇಲ್ಲ."

ಭಾವ ಕೂತರು. ಮೂರು ದಿನ ಕೂತೇ ಇದ್ದರು! ನಲವತ್ತೆಂಟು ವರ್ಷದ ಬಾಳಿನಲ್ಲಿ ಅವರು ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೇ ಮೊದಲು. ಮುಂದೆ ಮಕ್ಕಳು ಜಗಳವಾಡಿದರು, ಸಾಲುಗಳನ್ನು ಹೊಡೆದುಹಾಕಿದರು, ಮತ್ತೆ ಬರೆದರು. ಕೊನೆಯ ದಿನ ಇಂಗ ರಾಯಭಾರ ಕಚೇರಿಗಳಿಂದ ಬಂದ ನಾಲ್ಕು ಜನ ಅಧಿಕಾರಿಗಳೆದುರು ನಿಂತು, ಶಾಲೆಗಳ ಆಡಳಿತದಲ್ಲಿ ವಿದ್ಯಾರ್ಥಿಗಳಿಗೆ ಬರೀ ಕುರ್ಚಿ ಕೊಟ್ಟರೆ ಸಾಲದು, ವೋಟು ಬೇಕು ಎಂದು ಓದಿದಳು. ಒಬ್ಬರು ಅಡ್ಡಪ್ರಶ್ನೆ ಕೇಳಿದರು. ಅವಳು ಹಾಳೆ ಕೆಳಗಿಟ್ಟು, ಅದೇ ದನಿಯಲ್ಲಿ ಉತ್ತರ ಕೊಟ್ಟಳು. ನನ್ನ ಪಕ್ಕ ಕೂತಿದ್ದ ಅನು ಕುರ್ಚಿಯ ತುದಿಗೆ ಸರಿದು ಅವಳನ್ನೇ ನೋಡುತ್ತಿದ್ದಳು.

ವಾಪಸು ಬರುವಾಗ ರಿಚ್ಮಂಡ್ ದಾಟಿದ್ದೇ ಭಾವ ಸಿಡಿದರು. "ನೋಡು, ಅವರ ಶಿಫಾರಸಲ್ಲಿ ಈ ಮಕ್ಕಳನ್ನ ಮನೇಲಿ ಇಟ್ಕೊಳ್ಳೋ ಹೋಸ್ಟ್ ಫ್ಯಾಮಿಲಿಗಳು ಹೇಗಿರ್ಬೇಕು ಅಂತ ಒಂದು ಪುಟ ಇತ್ತು. ಹೋಸ್ಟ್ ಫ್ಯಾಮಿಲಿ ಯಾರು? ನಾನು! ಅಲ್ಲೇ ಹಿಂದೆ ಕೂತಿದೀನಿ. ಒಬ್ಬರಾದ್ರೂ ತಿರುಗಿ ನನ್ನ ಒಂದು ಮಾತು ಕೇಳಿದ್ರಾ?"

ಹಿಂದಿನ ಸೀಟಿನಿಂದ ಅನು ತಣ್ಣಗೆ ಹೇಳಿದಳು: "ವೆಲ್ಕಮ್ ಟು ದ ಬೇಸ್‌ಮೆಂಟ್, ಅಪ್ಪಾ."

ಭಾವ ಮುಂದಿನ ರೆಸ್ಟ್ ಏರಿಯಾದಲ್ಲಿ ಗಾಡಿ ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಪೆನ್ ತೆಗಿ. ಬರ್ಕೋ. ಬೈಲಾ ತಿದ್ದುಪಡಿ. ಕಮಿಟಿಯಲ್ಲಿ ಎರಡು ಸೀಟು, ಹದಿಮೂರರಿಂದ ಇಪ್ಪತ್ತರವರೆಗಿನ ಮಕ್ಕಳಿಗೆ. ವಾಯ್ಸ್ ಅಲ್ಲ, ವೋಟು!" ಎಂದರು.

ನಾನು ಬರೆದುಕೊಂಡೆ. ಬರೆದ ಮೇಲೆ ನೆನಪಾಯಿತು. "ಭಾವ, ಮೂರನೇ ಎರಡು ಭಾಗದ ಸಹಿ..."

ಅವರ ಮುಖ ನೋಡಬೇಕಿತ್ತು! ತೊಂಬತ್ತು ಜನ ಸದಸ್ಯರು. ಅರವತ್ತು ಸಹಿ. ಯುಗಾದಿಗೆ ಉಳಿದಿದ್ದು ಆರು ವಾರ. ಆ ತಲೆಕೆಟ್ಟೋನಿಗೆಂದು ಕಟ್ಟಿದ್ದ ಗೋಡೆಗೆ ಈಗ ತಾವೇ ಏಣಿ ಹಾಕಬೇಕಿತ್ತು.

ಆರು ವಾರ ಆ ಮನುಷ್ಯ ಶನಿವಾರ, ಭಾನುವಾರ ಎಂದು ಮನೆಯಲ್ಲಿರಲಿಲ್ಲ. ಫ್ರಿಜ್ಜಿನ ಮೇಲೆ ಅಜೆಂಡಾದ ಬದಲು ನಕಾಶೆ ಬಂತು. ಫೋನಿನಲ್ಲಿ ಮುಗಿಸೋಣವೆಂದರೆ ಬೈಲಾ ಒಪ್ಪದು, ಸಹಿ ಕಣ್ಣೆದುರೇ ಆಗಬೇಕು. ಅದನ್ನೂ ಬರೆದವರು ಯಾರು? ಹೊಸದಾಗಿ ವೀಸಾದಲ್ಲಿ ಬಂದಿದ್ದ ಒಂದು ಸಾಫ್ಟ್‌ವೇರ್ ಜೋಡಿ, "ಅಂಕಲ್, ನಮಗಿನ್ನೂ ಮಕ್ಕಳೇ ಇಲ್ವಲ್ಲ?" ಎಂದು ರಾಗ ಎಳೆಯಿತು.

"ಆಗ್ತವೆ! ಸೈನ್ ಮಾಡಿ," ಎಂದರು ಭಾವ.

ಒಬ್ಬ ಸದಸ್ಯರು ಮೂರು ವರ್ಷದ ಹಿಂದೆಯೇ ಫೋರ್ಟ್ ಮಿಲ್ಲಿಗೆ ಮನೆ ಬದಲಾಯಿಸಿದ್ದರು. ಅದು ಪಕ್ಕದ ಸೌತ್ ಕ್ಯಾರೊಲೈನಾದಲ್ಲಿದೆ, ಮೂರು ತಾಸಿನ ದಾರಿ. ಆದರೆ ಹೆಸರು ಪಟ್ಟಿಯಲ್ಲೇ ಉಳಿದಿತ್ತು. ನಾವು ಹೋದಾಗ ಆತ ಸೂರಿನ ಮೇಲೆ ಕೂತು ಅದರ ಅಂಚಿನ ಮಳೆನೀರಿನ ದೋಣಿಗೆ ಬಿದ್ದ ಪೈನ್ ಎಲೆ ಗುಡಿಸುತ್ತಿದ್ದರು. ಅವರು ಇಳಿಯುವ ತನಕ ಕಾಯುವ ತಾಳ್ಮೆ ಭಾವನಿಗೆಲ್ಲಿ? ಕ್ಲಿಪ್‌ಬೋರ್ಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಏಣಿ ಹತ್ತಿಯೇಬಿಟ್ಟರು!

"ನಾನೀಗ ಬೇರೆ ಸ್ಟೇಟಲ್ಲಿದೀನಲ್ರೀ, ನನ್ನ ಸೈನ್ ನಡೆಯುತ್ತಾ?" ಎಂದರು ಆತ ಗಾಬರಿಯಾಗಿ.

"ಸ್ಟೇಟಿನ ಮಾತು ಬೈಲಾದಲ್ಲಿಲ್ಲ. ಬರೆದೋನು ನಾನೇ. ಬೇಗ ಹಾಕಿ, ಏಣಿ ಅಲ್ಲಾಡ್ತಿದೆ."

ಕೆಳಗೆ ಏಣಿ ಹಿಡಿದಿದ್ದವರು ಅನು ಮತ್ತು ಇಂಗ. ಅನು ಮೊದಲೆರಡು ವಾರ ಕಾರಿನಲ್ಲೇ ಕೂತು ಪುಸ್ತಕ ಓದುತ್ತಿದ್ದಳು. ಮೂರನೇ ವಾರ ಇಳಿದಳು. ನಾಲ್ಕನೇ ವಾರಕ್ಕೆ ಬಾಗಿಲು ತಟ್ಟುವವಳು ಅವಳೇ ಆದಳು. "ನಮಸ್ಕಾರ ಆಂಟಿ, ಎರಡು ಮಿನಿಟ್ ಬೇಕು," ಎಂದು ಶುರುಮಾಡಿ, ಕನ್ನಡ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಇಂಗ್ಲಿಷಿಗೆ ದಾಟಿಕೊಳ್ಳುತ್ತಿದ್ದಳು. ದಾಟುವ ಜಾಗ ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಮುಂದಕ್ಕೆ ಹೋಗುತ್ತಿತ್ತು.

ಯುಗಾದಿಗೆ ಮೂರು ದಿನ ಇರುವಾಗ ಐವತ್ತೊಂಬತ್ತು ಸಹಿಗಳಾಗಿದ್ದವು. ಉಳಿದವರಲ್ಲಿ ಕೆಲವರು ಇಂಡಿಯಾಕ್ಕೆ ಹೋಗಿದ್ದರು, ಕೆಲವರು ಖಡಾಖಂಡಿತ ಬೇಡವೆಂದಿದ್ದರು. ಸಿಗದೆ ತಪ್ಪಿಸಿಕೊಳ್ಳುತ್ತಿದ್ದವರು ಒಬ್ಬರೇ, ಅಧ್ಯಕ್ಷ ಡಾಕ್ಟರು. ಭಾವ ಏನು ಮಾಡಿದರು ಗೊತ್ತೇ? ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡಿ ಪೇಶೆಂಟ್ ಎಂದು ಅಪಾಯಿಂಟ್‌ಮೆಂಟ್ ತೆಗೆದುಕೊಂಡರು! ಆ ಕತೆಯನ್ನು ಅವರೇ ನಮಗೆ ಹೇಳಿದ್ದು.

ಡಾಕ್ಟರು ಒಳಗೆ ಬಂದು, ಇವರನ್ನು ನೋಡಿ ನಿಟ್ಟುಸಿರು ಬಿಟ್ಟು, ಬಂದವರನ್ನು ಪರೀಕ್ಷಿಸದೆ ಕಳಿಸುವಂತಿಲ್ಲವಲ್ಲ, ತೋಳಿಗೆ ಪಟ್ಟಿ ಸುತ್ತಿದರು. "ಏನ್ರೀ ಇದು, ಬಿ.ಪಿ. ಇಷ್ಟು ಮೇಲಿದೆ?"

"ಒಂದು ಸಹಿ ಕಮ್ಮಿ ಇದೆ ಡಾಕ್ಟ್ರೇ. ಅದು ಸಿಕ್ರೆ ಇಳಿಯುತ್ತೆ."

ಡಾಕ್ಟರು ನಗಲಿಲ್ಲವಂತೆ. ಪಟ್ಟಿ ಬಿಚ್ಚಿ, ಕುರ್ಚಿ ಎಳೆದುಕೊಂಡು ಕೂತರಂತೆ. "ನನ್ನ ಮಕ್ಕಳಿಬ್ಬರೂ ಹದಿನೆಂಟು ತುಂಬಿದ್ದೇ ಕಾಲೇಜಿಗೆ ಹೋದ್ರು. ಆಮೇಲೆ ಒಂದು ಸಲಾನೂ ಕೂಟದ ಕಡೆ ತಲೆ ಹಾಕ್ಲಿಲ್ಲ. ಬನ್ನಿ ಅಂತ ಕರೀತಿದ್ದೆ. ಏನ್ ಮಾಡೋಣ ಅಂತ ಮಾತ್ರ ಒಂದ್ ದಿನಾನೂ ಕೇಳಿರ್ಲಿಲ್ಲ ಕಣ್ರೀ." ಸ್ವಲ್ಪ ಹೊತ್ತು ಗೋಡೆಯ ಮೇಲಿನ ಹೃದಯದ ಚಿತ್ರ ನೋಡುತ್ತಿದ್ದು, ಕೈ ಚಾಚಿದರಂತೆ. "ಕೊಡಿ ಆ ಕಾಗದ."

ಸಹಿ ಹಾಕಿ, ಜೊತೆಗೆ ಬಿ.ಪಿ.ಗೆ ಮಾತ್ರೆಯನ್ನೂ ಬರೆದುಕೊಟ್ಟರು. ಏಕೆಂದರೆ ಬಿ.ಪಿ. ನಿಜವಾಗಿಯೂ ಹೆಚ್ಚಿತ್ತು!

ಯುಗಾದಿಯ ದಿನ ತಿದ್ದುಪಡಿ ಜಾರಿಗೆ ಬಂತು. ಅಂದೇ ಮಕ್ಕಳ ಚುನಾವಣೆಯೂ ನಡೆಯಿತು. ಹೆಸರು ಕೊಡಲು ಕೊನೆಯ ನಿಮಿಷ ಇರುವಾಗ ಅನು ಎದ್ದುಹೋಗಿ ಬೋರ್ಡಿನ ಮೇಲೆ ತನ್ನ ಹೆಸರು ಬರೆದಳು. ಅವಳೂ, ತಬಲಾ ಕಲಿಯುವ ಹದಿನೈದರ ಇನ್ನೊಬ್ಬ ಹುಡುಗಿಯೂ ಗೆದ್ದರು. ಭಾವ ಚಪ್ಪಾಳೆ ತಟ್ಟಲಿಲ್ಲ, ಕಾರ್ಯದರ್ಶಿ ತಟಸ್ಥನಾಗಿರಬೇಕಲ್ಲ! ಆದರೆ ಅಂದು ಸ್ಲೈಡುಗಳನ್ನೆಲ್ಲ ತಲೆಕೆಳಗಾಗಿ ತೋರಿಸಿದರು.

ಎರಡು ವಾರದ ನಂತರ ಹೊಸ ಕಮಿಟಿಯ ಮೊದಲ ಸಭೆ. ಸ್ಥಳ ಡಾಕ್ಟರ ಮನೆ. ನಮ್ಮ ಕಡೆ ಬೇಸ್‌ಮೆಂಟ್ ಇರುವ ಮನೆಗಳು ಕಡಿಮೆ, ಅವರದಕ್ಕೆ ಇತ್ತು. ಮಧ್ಯಾಹ್ನದ ಊಟವಾದ ಮೇಲೆ ವಾಡಿಕೆಯಂತೆ ಮಕ್ಕಳೂ, ಅಜ್ಜಿ ತಾತಂದಿರೂ ಕೆಳಗೆ ಹೋದರು. ಮೇಲೆ ಡೈನಿಂಗ್ ಟೇಬಲ್ಲಿನ ಸುತ್ತ ನಾವು ಎಂಟು ಜನ. ದೊಡ್ಡವರು ಆರು, ಹೊಸ ಹುಡುಗಿಯರು ಇಬ್ಬರು. ಹೊಸದಾಗಿ ಬಂದ ಪ್ರೋಗ್ರಾಮರುಗಳ ಕಡೆಯಿಂದ ನಾನೂ ಒಬ್ಬಳಿದ್ದೆ. ಇಂಗ ಗೋಡೆಯ ಬಳಿ ಅತಿಥಿ. "ನಿನಗೆ ವೋಟೂ ಇಲ್ಲ, ವಾಯ್ಸೂ ಇಲ್ಲ," ಎಂದು ಭಾವ ಅವಳಿಗೆ ಪರಮಾನಂದದಿಂದ ಹೇಳಿದರು.

ಅನು ಒಂದು ಹಾಳೆ ಬಿಡಿಸಿದಳು. ಮಕ್ಕಳೆಲ್ಲ ಸೇರಿ ಎರಡು ಸೂಚನೆಗಳನ್ನು ಬರೆದುಕೊಟ್ಟಿದ್ದರು. "ಮೊದಲನೇದು. ಹಬ್ಬದ ದಿನ ಮಣ್ಣಿನ ಸ್ಲೈಡ್ ಶೋ ಐದು ಮಿನಿಟ್ ಮಾತ್ರ. ಎರೆಹುಳು ಊಟ ಆದ್ಮೇಲೆ."

ಇನ್ನೊಬ್ಬರು ಅನುಮೋದಿಸದೆ ಯಾವ ಸೂಚನೆಯೂ ಮತಕ್ಕೆ ಬರುವಂತಿಲ್ಲ. ಇದನ್ನು ಅನುಮೋದಿಸಿ ಭಾವನ ಜೊತೆ ನಿಷ್ಠುರ ಕಟ್ಟಿಕೊಳ್ಳುವವರು ಯಾರು? ನಾನು ಮೇಜಿನ ಮೇಲಿನ ಹೂದಾನಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಅರ್ಧ ನಿಮಿಷ ಕಾದ ಭಾವನಿಗೆ ಸಿಟ್ಟೇ ಬಂತು. "ಏನ್ರೀ ಇದು? ಸೆಕೆಂಡ್ ಮಾಡೋರಿಲ್ದೆ ಮಕ್ಕಳ ಮೋಷನ್ ಬಿದ್ದೋಗ್ಬೇಕಾ? ನಾನೇ ಸೆಕೆಂಡ್ ಮಾಡ್ತೀನಿ!"

ಮತದಾನವಾಯಿತು. ಪರವಾಗಿ ಏಳು. ವಿರುದ್ಧ ಒಂದು. ಆ ಒಂದು ಯಾರದೆಂದು ಹೇಳಬೇಕಿಲ್ಲ. ತಮ್ಮ ಸೋಲನ್ನು ತಾವೇ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡು, ಕೆಳಗೊಂದು ಗೆರೆ ಎಳೆದು, "ಮುಂದಿನದು," ಎಂದರು.

"ಎರಡನೇದು," ಎಂದಳು ಅನು. "ಊರಿಂದ ಬರೋ ಅಜ್ಜಿ ತಾತಂದಿರಿಗೆ ಕಮಿಟಿಯಲ್ಲಿ ಒಂದು ಸೀಟು."

"ಆಗಲ್ಲ," ಎಂದರು ಭಾವ, ಪುಟ ತಿರುವುತ್ತ. "ಅವರು ವಿಸಿಟರ್ಸು. ಸದಸ್ಯರೇ ಅಲ್ಲ. ಮೂರನೇ ಪುಟ, ನಾಲ್ಕನೇ..."

"ಅಪ್ಪ." ಅನು ಹಾಳೆ ಕೆಳಗಿಟ್ಟಳು. ಮುಂದಿನದು ಹಾಳೆಯಲ್ಲಿರಲಿಲ್ಲ. ಒಂದೊಂದೇ ಕನ್ನಡ ಪದ ಹುಡುಕಿಕೊಂಡು ಹೇಳಿದಳು. "ನಾವು ಕೆಳಗೆ ಇದ್ವಿ. ಅಜ್ಜೀನೂ ನಮ್ ಜೊತೆ ಕೆಳಗೆ ಇದ್ರು. ಈಗ ನಾವು ಮೇಲೆ ಬಂದ್ವಿ. ಅಜ್ಜಿ ಇನ್ನೂ ಕೆಳಗೇ ಇದಾರೆ."

ಭಾವನ ಬೆರಳು ಪುಟದ ಮೇಲೆ ಹಾಗೇ ನಿಂತಿತು. ಆಮೇಲೆ ಬೈಲಾ ಮುಚ್ಚಿಟ್ಟರು. ಎದ್ದರು. ಮೆಟ್ಟಿಲಿಳಿದು ಹೋದರು.

ಕೆಳಗಿನ ಮಾತು ಮೇಲಕ್ಕೆ ಕೇಳಿಸುತ್ತಿತ್ತು.

"ಅಮ್ಮ, ಮೇಲೆ ಬಾ."

"ಯಾಕೋ, ಕಾಫಿಗಾ?"

"ಅಲ್ಲಮ್ಮ. ಮೀಟಿಂಗಿಗೆ. ನಿನ್ನ ಒಂದು ಮಾತು ಕೇಳ್ಬೇಕು."

ಅಜ್ಜಿಯ ಮಂಡಿ ನೋವಿಗೆ ಆ ಮೆಟ್ಟಿಲುಗಳನ್ನು ಹತ್ತಲು ಬಹಳ ಹೊತ್ತು ಬೇಕಾಯಿತು. ಮಗನ ತೋಳು ಹಿಡಿದು ಅವರು ಬಾಗಿಲಿಗೆ ಬಂದಾಗ ಡಾಕ್ಟರು ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಅಜ್ಜಿ ಸೆರಗು ಹೊದ್ದು, ಸೀರೆಯ ಮೇಲಿನ ಸ್ವೆಟರಿನ ಗುಂಡಿ ಸರಿ ಮಾಡಿಕೊಂಡು ಕೂತರು. ಎಲ್ಲರ ಮುಖವನ್ನೂ ಒಮ್ಮೆ ನೋಡಿದರು.

"ನಾನೇನು ಹೇಳ್ಬೇಕೋ?"

"ನಿನಗೇನು ಬೇಕೋ ಅದು," ಎಂದರು ಭಾವ.

ಅಜ್ಜಿ ಸ್ವಲ್ಪ ಯೋಚಿಸಿದರು. "ನಾನು ಮುಂದಿನ ವಾರ ಹೊರಡೋಳು. ನನಗೇನೂ ಬೇಡ. ಕೆಳಗೆ ಕಮಲಮ್ಮ ಇದಾರಲ್ಲ, ನಮ್ಮನೆಯಿಂದ ಮೂರೇ ಮೈಲಿ ಅಂತೆ ಅವರ ಮಗನ ಮನೆ. ಆರು ತಿಂಗಳಲ್ಲಿ ಅವರನ್ನ ನೋಡಿದ್ದು ಮೂರು ಸಲ, ಅದೂ ಇಂಥ ಬೇಸ್‌ಮೆಂಟಲ್ಲೇ. ಇಲ್ಲಿ ನಡ್ಕೊಂಡು ಹೋಗೋಕೆ ರಸ್ತೆ ಪಕ್ಕ ಜಾಗ ಇಲ್ಲ. ಕಾರು ನಮಗೆ ಬರಲ್ಲ. ನೀವೆಲ್ಲ ಕೆಲಸಕ್ಕೆ ಹೋಗೋರು, ಕೇಳೋಕೆ ಸಂಕೋಚ. ವಾರಕ್ಕೊಂದು ದಿನ ಯಾರಾದ್ರೂ ನಮ್ಮಂಥೋರನ್ನ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಬಿಟ್ಟು ಬಂದ್ರೆ... ಅಷ್ಟೇಪ್ಪ."

"ಐ ಹ್ಯಾವ್ ಮೈ ಲೈಸೆನ್ಸ್," ಎಂದಳು ಅನು. ತಕ್ಷಣ ತಿದ್ದಿಕೊಂಡಳು. "ನಾನು ಡ್ರೈವ್ ಮಾಡ್ತೀನಿ, ಅಜ್ಜಿ. ಬುಧವಾರ ಸ್ಕೂಲ್ ಆದ್ಮೇಲೆ."

ಅಜ್ಜಿ ಮಗನ ಕಡೆ ತಿರುಗಿ ಮೆಲ್ಲಗೆ ಅಂದರು: "ಬಂದು ಆರು ತಿಂಗಳಾಯ್ತು ಕಣೋ. ಏನಾದ್ರೂ ಬೇಕಾ ಅಂತ ನೀನು ದಿನಾ ಕೇಳ್ತಿದ್ದೆ. ನಿಂತು ಉತ್ತರ ಕೇಳಿಸ್ಕೊಂಡಿದ್ದು ಇವತ್ತೇ."

ಆ ಮಾತಿನಲ್ಲಿ ದೂರೇನೂ ಇರಲಿಲ್ಲ. ಅದಕ್ಕೇ ಇರಬೇಕು, ಭಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಸೀಟಿನ ವಿಷಯ ಮತಕ್ಕೆ ಹಾಕ್ತಿದೀನಿ. ಕಮಿಟಿ ಒಪ್ಪಿದ್ರೆ ಮತ್ತೆ ಅರವತ್ತು ಸಹಿಗೆ ಹೊರಡೋಣ," ಎಂದರು. ಕೈಗಳು ಮೇಲೆದ್ದವು. ಎಣಿಸುವುದು ಕಾರ್ಯದರ್ಶಿಯ ಕೆಲಸ. ಅವರು ಎಣಿಸಲಿಲ್ಲ. "ನನಗೆ ಸರಿಯಾಗಿ ಕಾಣ್ತಿಲ್ಲ. ನೀನೇ ಎಣ್ಸು ಮಗಳೇ," ಎಂದರು.

ಅನು ಎದ್ದು ನಿಂತು ಕನ್ನಡದಲ್ಲೇ ಎಣಿಸಿದಳು. ಒಂದು, ಎರಡು, ಮೂರು. ಎಂಟರ ಹತ್ತಿರ ಬಂದು ನಿಂತಳು. ಕಮಿಟಿಯಲ್ಲಿದ್ದವರು ಎಂಟೇ ಜನ. ಆದರೆ ಎಲ್ಲರ ಜೊತೆ ಅಜ್ಜಿಯೂ ಬಳೆಗಳ ಕೈಯನ್ನು ನೇರವಾಗಿ ಮೇಲೆತ್ತಿ ಹಿಡಿದಿದ್ದರು. ಅವರು ಸದಸ್ಯರಲ್ಲ, ಸೀಟು ಇನ್ನೂ ಆಗಿಲ್ಲ, ಆ ಕೈಯನ್ನು ಲೆಕ್ಕಕ್ಕೆ ಹಿಡಿಯಲು ಇಪ್ಪತ್ತೆರಡು ಪುಟಗಳಲ್ಲಿ ಎಲ್ಲಿಯೂ ಅವಕಾಶವಿಲ್ಲ. ಅನು ಅಪ್ಪನ ಮುಖ ನೋಡಿದಳು.

ಭಾವ ಪೆನ್ನು ತೆಗೆದುಕೊಂಡು, ನಿಧಾನವಾಗಿ, 'ಒಂಬತ್ತು' ಎಂದು ಬರೆದರು.